ಆಂಪಿನ ಮುಂದೆ ಮೈಕೋ, ನೇರ ಕೇಬಲ್ಲೋ: ನಮ್ಮ ಮೊದಲ ಆಲ್ಬಮ್ಮಿನ ಗಿಟಾರ್

ಬೆಳಗಾವಿಯ ವಡಗಾವಿಯಲ್ಲಿ ಬಾಡಿಗೆಗೆ ಹಿಡಿದ ಮನೆಯ ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ರೆಕಾರ್ಡ್ ಮಾಡಿದೆವು. ಗಿಟಾರಿನ ಸದ್ದನ್ನು ಎರಡು ಬಗೆಯಲ್ಲಿ ಹಿಡಿದು ನೋಡಿದೆ: ಮೊದಲು 15 ವ್ಯಾಟಿನ ವಾಲ್ವ್ ಆಂಪಿನ (ಗಿಟಾರಿನ ಸದ್ದನ್ನು ಹಿಗ್ಗಿಸಿ ಸ್ಪೀಕರಿನಲ್ಲಿ ಕೇಳಿಸುವ ಪೆಟ್ಟಿಗೆ) ಮುಂದೆ ಮೈಕ್ ಇಟ್ಟು, ಆಮೇಲೆ ಕೇಬಲ್ಲನ್ನು ನೇರವಾಗಿ, ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ ಆಡಿಯೊ ಇಂಟರ್‌ಫೇಸಿಗೆ ಸಿಕ್ಕಿಸಿ, ಆಂಪಿನ ಕೆಲಸವನ್ನು ಲ್ಯಾಪ್‌ಟಾಪಿನ ಸಾಫ್ಟ್‌ವೇರಿಗೆ ವಹಿಸಿ. ನನಗೆ ಒಗ್ಗಿದ್ದು ಎರಡನೆಯದು. ಮೊದಲನೆಯದಕ್ಕೆಂದು ಕೊಂಡ ಮೈಕ್ ಈಗ ನಮ್ಮ ಹಾಡುಗಾರನ ಪಾಲಾಗಿದೆ.

ವಡಗಾವಿ ನೇಕಾರರ ಬಡಾವಣೆ. ನಮ್ಮ ಗೋಡೆಯಾಚೆ ವಿದ್ಯುತ್ ಮಗ್ಗಗಳು ರಾತ್ರಿಯೂ ನಡೆಯುತ್ತವೆ. ನನಗೆ ಕೆಲಸದಿಂದ ಬಿಡುವು ಸಿಗುವುದೂ ರಾತ್ರಿಯೇ. ಮನೆಯವರ ನಿದ್ದೆಗೆ ಅಂಜಿ ಆಂಪಿನ ಸದ್ದು ತಗ್ಗಿಸಿದರೆ ಮೈಕಿನ ಮಟ್ಟವನ್ನು ಏರಿಸಬೇಕಾಗುತ್ತದೆ, ಏರಿಸಿದೊಡನೆ ಮಗ್ಗದ ಲಟಪಟ ಸದ್ದು ಗಿಟಾರಿನ ಜೊತೆಗೇ ಒಳಬರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಊರಿನ ಸೊಗಡು ಬರುತ್ತದೆ ಎಂದು ಡ್ರಮ್ ಬಾರಿಸುವ ಗೆಳೆಯ ವಾದಿಸಿದ. ಆದರೆ ಮಗ್ಗ ನಮ್ಮ ತಾಳಕ್ಕೆ ಓಡುವುದಿಲ್ಲ.

ನೇರ ಕೇಬಲ್ಲಿನಲ್ಲಿ ಮಗ್ಗ ಕೇಳಿಸಲಿಲ್ಲ. ಬದಲಿಗೆ ಗುಂಯ್‌ಗುಡುವ ಸದ್ದು ಬಂತು. ಸ್ವರವನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದಾಗಲಂತೂ ನುಡಿಸಿದ್ದಕ್ಕಿಂತ ಅದೇ ಹೆಚ್ಚು. ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸ್ ಮಾರಿದವನನ್ನು ಒಂದು ವಾರ ಬೈದುಕೊಂಡೆ, ಎರಡು ಕೇಬಲ್ ಬದಲಿಸಿದೆ. ಚಾರ್ಜರ್ ಕಿತ್ತರೆ ಸದ್ದು ತಗ್ಗುತ್ತಿತ್ತು, ಆದರೆ ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಮುಕ್ಕಾಲು ಗಂಟೆಯೂ ಬಾಳುವುದಿಲ್ಲ. ತಂತಿಗಳ ಮೇಲೆ ಕೈಯಿಟ್ಟಾಗ ಸದ್ದು ಇಳಿದು, ಎತ್ತಿದಾಗ ಏರುವುದನ್ನು ಕಂಡ ಮೇಲೆ ಅರ್ಥಿಂಗ್ ಬಗ್ಗೆ ಅನುಮಾನ ಬಂದು ವೈರ್‌ಮನ್‌ನನ್ನು ಕರೆಸಿದೆ. ಅವರ ಟೆಸ್ಟ್ ಲ್ಯಾಂಪ್ ಫೇಸ್ ಮತ್ತು ನ್ಯೂಟ್ರಲ್ ನಡುವೆ ಉರಿಯಿತು, ಫೇಸ್ ಮತ್ತು ಅರ್ಥ್ ನಡುವೆ ಉರಿಯಲಿಲ್ಲ. ಬೋರ್ಡ್ ಬಿಚ್ಚಿದರೆ, ಮೂರನೆಯ ತೂತಿನ ವೈರ್ ಅಲ್ಲಿಯೇ ತುಂಡಾಗಿ ಜೋತುಬಿದ್ದಿತ್ತು. ಇಷ್ಟು ದಿನ ಆಂಪ್ ನುಡಿಸುವಾಗ ಬೆರಳಿಗೆ ಜುಮ್ಮೆನ್ನುತ್ತಿದ್ದುದನ್ನು ನಾನು ಸಂಗೀತದ ರೋಮಾಂಚನವೆಂದೇ ತಿಳಿದಿದ್ದೆ!

ಅರ್ಥಿಂಗಿಗೆಂದು ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಪೈಪ್ ನಿಲ್ಲಿಸಿ, ಇದ್ದಿಲು ಮತ್ತು ಉಪ್ಪು ತುಂಬಿಸಿದೆವು. ಮನೆ ಮಾಲೀಕರು ಕಾಸು ಬಿಚ್ಚಲಿಲ್ಲ. ಸದ್ದು ಬಹುಪಾಲು ಅಡಗಿತು. ಉಳಿದದ್ದು ನನ್ನ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ಪಿನದು (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂದೇ ಸುರುಳಿಯ ಭಾಗ): ಸುತ್ತಲಿನ ವೈರು, ಟ್ರಾನ್ಸ್‌ಫಾರ್ಮರುಗಳ 50 ಹರ್ಟ್ಸ್ ಕಾಂತಕ್ಷೇತ್ರವನ್ನು ಅದು ತಂತಿಯ ಕಂಪನದೊಡನೆಯೇ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ರೂಪಿಸಿದ ಪಿಕಪ್ ಆದ ಹಂಬಕರ್‌ನಲ್ಲಿ ಎರಡು ಸುರುಳಿಗಳನ್ನು ಈ ಸದ್ದು ಪರಸ್ಪರ ವಜಾ ಆಗುವಂತೆ ಜೋಡಿಸಿರುತ್ತಾರೆ. ಅಂಥ ಗಿಟಾರ್ ನನ್ನ ಬಳಿ ಇಲ್ಲವಾದ್ದರಿಂದ, ಸದ್ದು ಕನಿಷ್ಠವಾಗುವ ದಿಕ್ಕನ್ನು ಹುಡುಕಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಅಲ್ಲಿಯೇ ಕುರ್ಚಿ ಹಾಕಿಕೊಂಡೆ.

ಸ್ವರದ ತೂಕದಲ್ಲಿ ಆಂಪೇ ಮೇಲು. ಸ್ಪೀಕರಿಗೆ ಎದುರಾಗಿ ನಿಂತು ಒಂದು ಸ್ವರವನ್ನು, ಸ್ಪೀಕರಿನ ಸದ್ದೇ ತಂತಿಯನ್ನು ಮತ್ತೆ ಕಂಪಿಸುವಂತೆ ಮಾಡುವ ಫೀಡ್‌ಬ್ಯಾಕಿನಲ್ಲಿ ಎಳೆಯುವ ಸುಖ ಹೆಡ್‌ಫೋನಿನಲ್ಲಿ ದಕ್ಕುವುದಿಲ್ಲ. ಕೊನೆಯ ಹಾಡಿನ ಮುಕ್ತಾಯಕ್ಕೆ ಮಾತ್ರ, ಮಗ್ಗಗಳ ರಜೆಯ ದಿನ ನೋಡಿ, ಅದನ್ನೇ ಬಳಸಿದೆ. ಗಂಟೆಯ ಲೆಕ್ಕದ ಸ್ಟುಡಿಯೊ ನಮ್ಮ ಜೇಬಿಗೆ ಎಟುಕಲಿಲ್ಲ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್ ತನ್ನ ಮೊದಲ ಆಲ್ಬಮ್ಮನ್ನು 1969ರಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿತು. ನಮ್ಮ ಒಂಬತ್ತು ಹಾಡುಗಳಿಗೆ ನಾಲ್ಕು ತಿಂಗಳು ಹಿಡಿಯಿತು. ನೇರ ಕೇಬಲ್ಲಿನಲ್ಲಿ ಹಸಿ ಸ್ವರ ಹಾಗೆಯೇ ಉಳಿಯುವುದರಿಂದ, ನುಡಿಸಿ ತಿಂಗಳಾದ ಮೇಲೂ ಆಂಪಿನ ಬಣ್ಣವನ್ನು ಬದಲಿಸಬಹುದು. ಮನಸ್ಸು ಸ್ಥಿರವಿಲ್ಲದ ನನ್ನಂಥವನಿಗೆ ಇದು ದೊಡ್ಡ ಅನುಕೂಲ.

ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಸದ್ದು ಮರಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅದಕ್ಕೆ ಒಂದು ಕೊಡ ನೀರು ಹೊಯ್ಯುವ ಸರದಿಯನ್ನು ನಾವು ನಾಲ್ವರೂ ಹಂಚಿಕೊಂಡಿದ್ದೇವೆ.