ಚಾರ್ಟ್ ಪೇಪರ್, ಇಂಪ್ರೆಸ್, ಪವರ್‌ಪಾಯಿಂಟ್, ಕ್ಯಾನ್ವಾ: ಒಂದೇ ವಿಷಯ ನಾಲ್ಕು ಕಡೆ ಮಾಡಿ ನೋಡಿದೆ

ಪ್ರಸೆಂಟೇಶನ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ತುಂಬ ಜನ ಕೇಳುತ್ತಾರೆ. ಯೋಚನೆ ಮಾಡುವ ಹಂತಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಚಾರ್ಟ್ ಪೇಪರ್ ಮತ್ತು ದಪ್ಪ ಮಾರ್ಕರ್ ಸಾಕು. ಇದು ನನ್ನ ಗಟ್ಟಿ ಅಭಿಪ್ರಾಯ. ಪ್ರೊಜೆಕ್ಟರಿನಿಂದ ಗೋಡೆಗೆ ತೋರಿಸುವ ಹಂತಕ್ಕೆ ಬಂದಾಗ ಮಾತ್ರ ಇಂಪ್ರೆಸ್, ಪವರ್‌ಪಾಯಿಂಟ್, ಕ್ಯಾನ್ವಾ ಈ ಮೂರು ಸಾಫ್ಟ್‌ವೇರುಗಳ ಹೋಲಿಕೆ ಶುರುವಾಗುತ್ತದೆ, ಅಲ್ಲಿ ಗೆಲ್ಲುವುದು ಸೋಲುವುದು ಹೆಚ್ಚಾಗಿ ಕನ್ನಡ ಅಕ್ಷರದ ಮೇಲೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಷ್ಟ್ರು. ಊರಿನ ಅಡಿಕೆ ಕೃಷಿಕರ ಸಭೆಗಳಿಗೂ ಸ್ಲೈಡ್ ಮಾಡಿಕೊಡುತ್ತೇನೆ. ಹೋಲಿಕೆ ಸರಿಯಾಗಿರಬೇಕಾದರೆ ವಿಷಯ ಒಂದೇ ಆಗಿರಬೇಕು, ಅಲ್ವಾ? ಹಾಗಾಗಿ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನೇ ಹಿಡಿದುಕೊಂಡೆ. ಅಡಿಕೆಯ ಕೊಳೆರೋಗಕ್ಕೆ, ಅಂದರೆ ನಮ್ಮ ಮಹಾಳಿಗೆ, ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ 40-45 ದಿನ ಬಿಟ್ಟು ಇನ್ನೊಮ್ಮೆ ಬಿಡುವ (ಸಿಂಪಡಿಸುವ) ಮದ್ದು ಅದು. ಲೆಕ್ಕ ಸುಲಭ: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟು ಚಿಕ್ಕ ವಿಷಯವಾದ್ದರಿಂದ ತೋರಿಸುವ ಕ್ರಮದಲ್ಲಿ ಏನು ವ್ಯತ್ಯಾಸ ಅನ್ನುವುದು ಕಣ್ಣಿಗೆ ಬೇಗ ಬೀಳುತ್ತದೆ.

ಅಳೆಯಲು ನಾನು ಬಳಸಿದ್ದು ಡಿಸೈನ್ ಥಿಂಕಿಂಗ್ ಎಂಬ ಕ್ರಮ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಕಲಿಸುವ ವಿಭಾಗವಾದ ಡಿ.ಸ್ಕೂಲ್ ಇದನ್ನು ಐದು ಹೆಜ್ಜೆಯಾಗಿ ಕಲಿಸಿ ಪ್ರಸಿದ್ಧ ಮಾಡಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಎದುರು ಕೂರುವವರನ್ನು ತಿಳಿದುಕೊಳ್ಳುವುದು, ಅವರ ನಿಜವಾದ ತೊಂದರೆ ಯಾವುದೆಂದು ಗಟ್ಟಿ ಮಾಡಿಕೊಳ್ಳುವುದು, ಬೇರೆ ಬೇರೆ ಉಪಾಯ ಹುಡುಕುವುದು, ಒಂದು ಕಚ್ಚಾ ಮಾದರಿ ಮಾಡುವುದು, ಅದನ್ನು ಅವರಿಗೇ ತೋರಿಸಿ ನೋಡುವುದು. ಕೊನೆಯ ಹೆಜ್ಜೆಯಿಂದ ಮೊದಲನೆಯದಕ್ಕೆ ವಾಪಸು ಬರುವುದೂ ಇದೆ. ಇದು ಕುರ್ಚಿ, ಆಸ್ಪತ್ರೆ, ಮೊಬೈಲ್ ಆ್ಯಪ್ ಮಾಡುವವರ ಕ್ರಮ ಅಂತ ಬಿಟ್ಟುಬಿಡಬೇಡಿ, ಸ್ಲೈಡಿಗೆ ಇದು ಹೇಳಿ ಮಾಡಿಸಿದಂತಿದೆ.

ಚಾರ್ಟ್ ಪೇಪರಿನಿಂದಲೇ ಶುರು ಮಾಡುತ್ತೇನೆ, ನನಗೆ ಹೇಳಲಿಕ್ಕೆ ಜಾಸ್ತಿ ಇರುವುದೂ ಅಲ್ಲೇ.

ಸ್ಲೈಡ್ ಮಾಡುವ ಮೊದಲು ತೋಟಕ್ಕೆ ಹೋಗಿ ಕೇಳಿದೆ. ಮಹಾಳಿ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅಜ್ಜನ ಕಾಲದಿಂದ ನೋಡಿದವರು. ಪ್ರಮಾಣವೂ ಬಾಯಿಪಾಠ. ಆದರೆ ನೆರೆಮನೆಯ ಅಕ್ಕ ಒಬ್ಬರು ಕೇಳಿದ್ದು ಹೀಗೆ: "ಮಾಷ್ಟ್ರೇ, ಯಾವುದನ್ನು ಯಾವುದಕ್ಕೆ ಹೊಯ್ಯುವುದು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ." ಮದ್ದು ಬಿಡಲು ಬರುವ ಕೆಲಸದವರಲ್ಲೂ ಅದೇ ಗೊಂದಲ ಇತ್ತು. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡುತ್ತಲೇ ಇರಬೇಕು. ಆಮೇಲೆ ಹೊಳೆಯುವ ಚೂರಿ ಒಂದನ್ನು ಅದ್ದಿ ನೋಡಬೇಕು. ಕೆಂಪು ಹಿಡಿದರೆ ತಾಮ್ರ ಇನ್ನೂ ಸುಣ್ಣದೊಂದಿಗೆ ಸೇರದೆ ಉಳಿದಿದೆ, ಸುಣ್ಣ ಸಾಲದು ಅಂತ ಅರ್ಥ. ಹಾಗೆಯೇ ಬಿಟ್ಟರೆ ಗಿಡ ಸುಡುತ್ತದೆ. ಅಲ್ಲಿಗೆ ನನ್ನ ಪ್ರಸೆಂಟೇಶನ್ನಿನ ವಿಷಯವೇ ಬದಲಾಯಿತು: ರೋಗದ ವಿವರಣೆ ಹೋಯಿತು, ಎರಡು ಡ್ರಮ್ಮು ಒಂದು ಚೂರಿ ಬಂತು.

ಇದನ್ನು ಕಾಗದದಲ್ಲಿ ಗೀಚಿ ಅಲ್ಲೇ ತೋರಿಸಿದೆ. ಕಾಗದದ ದೊಡ್ಡ ಗುಣ ಇದು: ನೋಡುವವರು ಧೈರ್ಯವಾಗಿ ತಿದ್ದುತ್ತಾರೆ. ಲ್ಯಾಪ್‌ಟಾಪಿನಲ್ಲಿ ಚಂದ ಮಾಡಿ ತೋರಿಸಿದರೆ "ಲಾಯ್ಕಿದೆ" ಅನ್ನುತ್ತಾರೆ, ಮುಗಿಯಿತು. ಗೀಚಿದ ಚಿತ್ರ ತೋರಿಸಿದರೆ "ಈ ಡ್ರಮ್ಮು ನೀಲಿ ಮಾಡಿ, ಬಾಣದ ಗುರುತು ದೊಡ್ಡದು ಮಾಡಿ, ಕಬ್ಬಿಣದ ಪಾತ್ರೆ ಬೇಡ ಅಂತಲೂ ಹಾಕಿ" ಅನ್ನುತ್ತಾರೆ. ಮಾರ್ಕರ್ ದಪ್ಪ ಇದ್ದರೆ ಉದ್ದ ವಾಕ್ಯ ಬರೆಯಲಿಕ್ಕೇ ಆಗುವುದಿಲ್ಲ, ಅದೂ ಒಂದು ಲಾಭ. ಮಳೆಗಾಲದಲ್ಲಿ ಕರೆಂಟು ಹೋದರೂ ಸಭೆ ನಿಲ್ಲುವುದಿಲ್ಲ. ಕೊರತೆ ಒಂದೇ, ಇಪ್ಪತ್ತೈದು ಮೂವತ್ತು ಜನ ದಾಟಿದರೆ ಹಿಂದಿನವರಿಗೆ ಕಾಣುವುದಿಲ್ಲ.

ಇನ್ನು ಲಿಬ್ರೆಆಫೀಸ್ ಇಂಪ್ರೆಸ್. ಕಾಸರಗೋಡಿನ ನಮಗೆ ಇದು ಮನೆಯ ಸಾಮಾನು. ಕೇರಳದ ಶಾಲೆಗಳಲ್ಲಿ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಕೊಡುವ, ಉಬುಂಟು ಮೇಲೆ ಕಟ್ಟಿದ ಗ್ನೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದೆ, ಅದರಲ್ಲಿ ಇಂಪ್ರೆಸ್ ಬಂದೇ ಬರುತ್ತದೆ. ಖರ್ಚಿಲ್ಲ, ಇಂಟರ್ನೆಟ್ ಬೇಡ, ಲಿಟಲ್ ಕೈಟ್ಸ್ ಎಂಬ ಶಾಲಾ ಐಟಿ ಕ್ಲಬ್ಬಿನ ಮಕ್ಕಳಿಗೆ ಕೊಟ್ಟರೆ ನಮಗಿಂತ ಬೇಗ ಮಾಡುತ್ತಾರೆ. ಯೂನಿಕೋಡ್ ಕನ್ನಡ ಚೆನ್ನಾಗಿ ಕೂರುತ್ತದೆ, ಗುಬ್ಬಿ, ನವಿಲು, ಲೋಹಿತ್ ಕನ್ನಡ ಇಂಥ ಅಕ್ಷರಗಳು, ಅಂದರೆ ಫಾಂಟುಗಳು, ಲಿನಕ್ಸಿನಲ್ಲಿ ಸಿಗುತ್ತವೆ. ಟೆಂಪ್ಲೇಟುಗಳು ಮಾತ್ರ ನನಗೆ ಹಿಡಿಸಲಿಲ್ಲ, ಹಳೆಯ ಕಾಲದವು ಅನಿಸಿತು. ಆದರೆ ಬಿಳಿ ಹಾಳೆ, ಎರಡು ಡ್ರಮ್ಮು, ಒಂದು ಬಾಣ ಇಷ್ಟೇ ಬೇಕಾದಾಗ ಟೆಂಪ್ಲೇಟ್ ಯಾಕೆ?

ಪವರ್‌ಪಾಯಿಂಟ್ ಬಗ್ಗೆ ಕಡಿಮೆ ಹೇಳುತ್ತೇನೆ, ಎಲ್ಲರಿಗೂ ಗೊತ್ತಿದೆ. 1987ರಲ್ಲಿ ಮೊದಲು ಮ್ಯಾಕಿಂಟಾಶ್ ಕಂಪ್ಯೂಟರಿಗೆ ಬಂದದ್ದು, ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಚಿತ್ರಗಳನ್ನು ಸಾಲಾಗಿ ಕೂರಿಸುವುದು, ಆಕಾರ ಕತ್ತರಿಸುವುದು, ಒಂದೊಂದಾಗಿ ಬರಿಸುವುದು ಇದರಲ್ಲಿ ಎಲ್ಲಕ್ಕಿಂತ ಸಲೀಸು, ಇದನ್ನು ಒಪ್ಪಲೇಬೇಕು. ತೊಂದರೆ ಏನೆಂದರೆ ಹೊಸ ಸ್ಲೈಡ್ ತೆರೆದ ಕೂಡಲೇ ತಲೆಬರಹಕ್ಕೆ ಒಂದು ಪೆಟ್ಟಿಗೆ, ಕೆಳಗೆ ಚುಕ್ಕಿ ಸಾಲಿಗೆ ಇನ್ನೊಂದು ಪೆಟ್ಟಿಗೆ ಎದುರು ಬರುತ್ತದೆ, ಕೈ ಸುಮ್ನೆ ಅದನ್ನು ತುಂಬಿಸಲು ಹೋಗುತ್ತದೆ, ಯೋಚನೆ ಮಾಡುವ ಮೊದಲೇ ಏಳು ಸಾಲು ಬರೆದು ಆಗಿರುತ್ತದೆ. ಖಾಲಿ ಲೇಔಟ್ ಆರಿಸಿಕೊಂಡು ಶುರು ಮಾಡಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ.

ಕ್ಯಾನ್ವಾ ಶುರುವಾದದ್ದು 2013ರಲ್ಲಿ, ಆಸ್ಟ್ರೇಲಿಯಾದ ಕಂಪನಿ. ಫೋನಿನಲ್ಲೇ ಕೆಲಸ ಆಗುತ್ತದೆ, ನೋಡಲು ಚಂದ, ರೇಖಾಚಿತ್ರಗಳು ರಾಶಿ ರಾಶಿ ಸಿಗುತ್ತವೆ. ವಾಟ್ಸ್ಆ್ಯಪಿನಲ್ಲಿ ಕಳಿಸುವ ಒಂದು ಪುಟದ ಪೋಸ್ಟರಿಗೆ ಇದನ್ನು ಮೀರಿಸುವುದು ಕಷ್ಟ. ಪ್ರಸೆಂಟೇಶನ್ನಿಗೆ ಮಾತ್ರ ನನ್ನ ಅಂಕ ಕಡಿಮೆ. ಟೆಂಪ್ಲೇಟಿನ ಅಂದವೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಲಿದದ್ದು. ಅದರಲ್ಲಿ ಕನ್ನಡ ಬರೆದ ಕೂಡಲೇ ಆ ಅಂದ ಹೋಗುತ್ತದೆ. ಬಾಲೂ ತಮ್ಮ ಅಥವಾ ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಹಾಕಿದರೆ ಸರಿಯಾಗುತ್ತದೆ, ಆದರೆ ಸಾಲುಗಳ ನಡುವಿನ ಜಾಗ ನೀವೇ ಹೆಚ್ಚಿಸಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮತ್ತೆ ನೆಟ್ ಸರಿ ಇಲ್ಲದ ಹಳ್ಳಿ ಕಡೆ ಕೂತು ತಿದ್ದಲು ಹೋದರೆ ಕೆಲಸ ಸಾಗುವುದಿಲ್ಲ.

ಅಕ್ಷರದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ನಾನು ನೋಡಿದ ಸಭೆಗಳಲ್ಲಿ ಪ್ರಸೆಂಟೇಶನ್ ಕೆಡುವುದು ಹೆಚ್ಚಾಗಿ ಇಲ್ಲೇ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ನಿರ್ಮಲಾ ಯುಐ ಅಕ್ಷರದಲ್ಲಿ ಮಾಡಿದ ಫೈಲನ್ನು ಶಾಲೆಯ ಲಿನಕ್ಸಿನಲ್ಲಿ ತೆರೆದರೆ ಆ ಅಕ್ಷರ ಅಲ್ಲಿ ಇರುವುದಿಲ್ಲ. ಬೇರೆ ಅಕ್ಷರ ಬಂದು ಕೂರುತ್ತದೆ, ಅಗಲ ಬದಲಾಗುತ್ತದೆ, ಸಾಲು ಮುರಿಯುತ್ತದೆ, ಚಿತ್ರದ ಮೇಲೆ ಬರಹ ಹತ್ತುತ್ತದೆ. ಹಳೆಯ ವಿಂಡೋಸಿನ ತುಂಗಾ ಅಕ್ಷರವೂ ಹಾಗೇ, ವಿಂಡೋಸ್ 10ರಲ್ಲಿ ಅದನ್ನು ಬೇರೆಯಾಗಿ ಹಾಕಿಸಿಕೊಳ್ಳಬೇಕು. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದಾದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುವುದು. ಪವರ್‌ಪಾಯಿಂಟ್, ಇಂಪ್ರೆಸ್ ಎರಡರಲ್ಲೂ ಫಾಂಟನ್ನು ಫೈಲಿನ ಒಳಗೇ ಸೇರಿಸಿಡುವ ಸೌಕರ್ಯ ಇದೆ, ಬಳಸಿ. ಅದಕ್ಕಿಂತ ಭದ್ರ ಪಿಡಿಎಫ್. ಇಲ್ಲಿ ಮೂರೂ ಸಮ, ಮೂರರಲ್ಲೂ ಪಿಡಿಎಫ್ ಆಗುತ್ತದೆ.

ಅಕ್ಷರದ ಗಾತ್ರದ ಬಗ್ಗೆ ಅಮೆರಿಕದ ಲೇಖಕ ಗೈ ಕವಾಸಾಕಿ ಅವರ ಒಂದು ಲೆಕ್ಕ ಪ್ರಸಿದ್ಧ: 10 ಸ್ಲೈಡ್, 20 ನಿಮಿಷ, 30 ಪಾಯಿಂಟ್ ಗಾತ್ರದ ಅಕ್ಷರ. ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಅದೇ ಎತ್ತರದೊಳಗೆ ಸೇರಬೇಕಾದ್ದರಿಂದ ಮೂಲ ಅಕ್ಷರ ಚಿಕ್ಕದಾಗಿ ಕಾಣುತ್ತದೆ. ನಾನು 36ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪರೀಕ್ಷೆಗೆ ಒಂದು ಉಪಾಯ ಇದೆ: ಸ್ಲೈಡನ್ನು ಫೋನಿನಲ್ಲಿ ಅಡ್ಡ ಹಿಡಿದು ಕೈ ಪೂರ್ತಿ ಚಾಚಿ ಓದಿ. 2 ಮೀಟರ್ ಅಗಲದ ಪರದೆಯನ್ನು 8 ಮೀಟರ್ ದೂರದಿಂದ ನೋಡುವುದೂ, 15 ಸೆಂಟಿಮೀಟರ್ ಅಗಲದ ಫೋನನ್ನು 60 ಸೆಂಟಿಮೀಟರ್ ದೂರದಿಂದ ನೋಡುವುದೂ ಕಣ್ಣಿಗೆ ಒಂದೇ. ಮನೆಯ ಹಿರಿಯರ ಕೈಯಲ್ಲಿ ಓದಿಸಿದರೆ ಇನ್ನೂ ಒಳ್ಳೆಯದು.

ಬಣ್ಣಕ್ಕೂ ಇದೇ ಶ್ರದ್ಧೆ ಬೇಕು. ಟೆಂಪ್ಲೇಟುಗಳಲ್ಲಿ ಕಪ್ಪು ಹಿನ್ನೆಲೆಯವು ಲ್ಯಾಪ್‌ಟಾಪಿನಲ್ಲಿ ಗಂಭೀರವಾಗಿ ಕಾಣುತ್ತವೆ. ಆದರೆ ಪ್ರೊಜೆಕ್ಟರಿಗೆ ಕಪ್ಪು ಅಂದರೆ ಬೆಳಕು ಬಿಡದ ಜಾಗ ಅಷ್ಟೇ. ಹಗಲು ಹೊತ್ತು, ಕಿಟಕಿಗೆ ಪರದೆ ಇಲ್ಲದ ನಮ್ಮ ವಾಚನಾಲಯದ ಹಾಲಿನಲ್ಲಿ ಗೋಡೆ ಎಷ್ಟು ಬೆಳ್ಳಗಿದೆಯೋ ನಿಮ್ಮ ಕಪ್ಪೂ ಅಷ್ಟೇ ಬೆಳ್ಳಗೆ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಇಡಿ.

ಭಾಷೆಯ ಮಾತು ಇನ್ನೊಂದಿದೆ, ಇದು ಗಡಿನಾಡಿನವರಿಗೆ ಮಾತ್ರ ಅರ್ಥವಾಗುವ ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಈಗ ಒಂದೇ ಮನೆಯಲ್ಲಿ ಅಜ್ಜ ಕನ್ನಡ ಮಾತ್ರ ಓದುತ್ತಾರೆ, ಮೊಮ್ಮಗ ಮಲಯಾಳ ಮಾಧ್ಯಮದಲ್ಲಿ ಕಲಿತವನು, ಇಬ್ಬರೂ ಮಾತಾಡುವುದು ತುಳು. ಸಭೆಗೆ ಇಬ್ಬರೂ ಬರುತ್ತಾರೆ. ಸ್ಲೈಡಿನಲ್ಲಿ ಎರಡೂ ಲಿಪಿ ತುಂಬಿಸಿದರೆ ಯಾರಿಗೂ ಓದಲಾಗದು. ಬರೀ ಕನ್ನಡ ತುಂಬಿಸಿದರೆ ಮದ್ದು ಬಿಡಲು ಬರುವ ಹುಡುಗ ಹೊರಗೆ ಉಳಿಯುತ್ತಾನೆ, ಕೆಲಸ ಮಾಡುವವನು ಅವನೇ. ಕೊನೆಗೆ ಚಿತ್ರ, ಬಾಣ ಮತ್ತು ಅಂಕಿ ಸ್ಲೈಡಿನಲ್ಲಿ, ಮಾತು ಬಾಯಲ್ಲಿ ಅಂತ ಮಾಡಿದೆ. ನೀಲಿ ಡ್ರಮ್ಮಿನ ಮೇಲೆ 50, ಬಿಳಿ ಡ್ರಮ್ಮಿನ ಮೇಲೆ 50, ನೀಲಿಯಿಂದ ಬಿಳಿಗೆ ದಪ್ಪ ಬಾಣ, ಕೆಳಗೆ ಕನ್ನಡದಲ್ಲಿ ಎರಡೇ ಪದ. ಕನ್ನಡವನ್ನು ತೆಗೆದುಹಾಕಲು ನನಗೆ ಮನಸ್ಸಿಲ್ಲ. ನಮ್ಮ ಊರಿನ ಸಭೆಯ ಗೋಡೆಯ ಮೇಲೆ ಕನ್ನಡ ದೊಡ್ಡದಾಗಿ ಕಾಣಬೇಕು, ಎರಡು ಪದವಾದರೂ ಸರಿ.

ಹೋಲಿಸಿ ನೋಡಲು ಏಳು ಸಾಲಿನ ಬರಹದ ಸ್ಲೈಡನ್ನೂ ಅದೇ ಸಭೆಯಲ್ಲಿ ತೋರಿಸಿದೆ. ಜನ ಅದನ್ನು ಓದುತ್ತಾ ಕೂತರು, ನನ್ನ ಮಾತು ಯಾರೂ ಕೇಳಲಿಲ್ಲ. ಡ್ರಮ್ಮಿನ ಸ್ಲೈಡ್ ಬಂದಾಗ ಪ್ರಶ್ನೆಗಳು ಶುರುವಾದವು: ನಿನ್ನೆ ಮಾಡಿದ ಮದ್ದು ಇವತ್ತು ಬಿಡಬಹುದಾ, ಮಳೆ ಬಿಡುವು ಕೊಡದಿದ್ದರೆ ಏನು. ಮಾಡಿದ ದಿನವೇ ಬಿಡಬೇಕು ಅನ್ನುವುದಕ್ಕೆ ಒಂದು ಸ್ಲೈಡ್ ಅಲ್ಲೇ ಹುಟ್ಟಿತು.

ಹಾಗಾದರೆ ಯಾವುದನ್ನು ಹಿಡಿಯುವುದು? ಕೃಷಿಕರ ಸಭೆಗೆ ನಾನು ಚಾರ್ಟ್ ಪೇಪರಿನಲ್ಲಿ ಶುರು ಮಾಡಿ ಇಂಪ್ರೆಸ್ಸಿನಲ್ಲಿ ಮುಗಿಸುತ್ತೇನೆ, ತರಗತಿಗೂ ಅದೇ. ಚಿತ್ರದ ಕೆಲಸ ಜಾಸ್ತಿ ಇದ್ದು, ಮನೆಯಲ್ಲಿ ಪವರ್‌ಪಾಯಿಂಟ್ ಮೊದಲೇ ಇದ್ದರೆ ಅದು ಒಳ್ಳೆಯದು, ಇದಕ್ಕಾಗಿ ದುಡ್ಡು ಕೊಟ್ಟು ಕೊಳ್ಳಬೇಡಿ. ಸಭೆ ಮುಗಿದ ಮೇಲೆ ಹಂಚುವ ಒಂದು ಪುಟಕ್ಕೆ ಕ್ಯಾನ್ವಾ. ಯಾವುದರಲ್ಲಿ ಮಾಡಿದರೂ ಪಿಡಿಎಫ್ ಒಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೇ ಹೋಗಿ. ಪಿಡಿಎಫಿನಲ್ಲಿ ಅನಿಮೇಶನ್ ಉಳಿಯುವುದಿಲ್ಲ, ಆದ್ದರಿಂದ ಒಂದೊಂದು ಹೆಜ್ಜೆಯನ್ನೂ ಬೇರೆ ಬೇರೆ ಸ್ಲೈಡಾಗಿಯೇ ಮಾಡಿ: ಮೊದಲ ಸ್ಲೈಡಿನಲ್ಲಿ ನೀಲಿ ಡ್ರಮ್ಮು ಮಾತ್ರ, ಎರಡನೆಯದರಲ್ಲಿ ಬಿಳಿಯೂ ಸೇರಿ, ಮೂರನೆಯದರಲ್ಲಿ ಬಾಣ, ನಾಲ್ಕನೆಯದರಲ್ಲಿ ಚೂರಿ. ಸ್ಲೈಡಿನ ಸಂಖ್ಯೆ ಜಾಸ್ತಿ ಆಗುತ್ತದೆ, ಆಗಲಿ.