ಸಪ್ಪೊರೊದ ಮಿಷನರಿ ಮನೆಯಲ್ಲಿ ಕ್ರಿಸ್ಮಸ್ ಊಟ, ಹೋಗಬಹುದಾ ಅಂತ ಕೇಳೋರಿಗೆ

ಡಿಸೆಂಬರ್ ಬಂತು ಅಂದ್ರೆ ಇಲ್ಲಿಗೆ ಹೊಸದಾಗಿ ಓದೋಕೆ ಬಂದಿರೋ ನಮ್ಮ ಕಡೆ ಹುಡುಗ್ರು ಹುಡುಗೀರೆಲ್ಲ ನನ್ನ ಹತ್ರ ಕೇಳೋದು ಒಂದೇ, ಆ ಅಮೆರಿಕನ್ ಫ್ಯಾಮಿಲಿ ಮನೆಗೆ ಕ್ರಿಸ್ಮಸ್ ಊಟಕ್ಕೆ ಕರೀತಾರಂತಲ್ಲ ಅಕ್ಕ, ಹೋಗಬಹುದಾ, ಮತಾಂತರ ಗಿತಾಂತರ ಏನೂ ಇಲ್ಲ ತಾನೆ ಅಂತ. ನಾನು ಎರಡು ವರ್ಷ ಹೋಗಿ ಬಂದಿದ್ದೀನಿ, ಮೊದಲನೇ ವರ್ಷ ಒಂದು ವಿಷಯಕ್ಕೆ ಬೇಜಾರೂ ಮಾಡ್ಕೊಂಡಿದ್ದೀನಿ, ಹಾಗಾಗಿ ಒಂದ್ಸಲ ಎಲ್ಲಾ ಬರೆದುಬಿಡ್ತೀನಿ. ಅವರ ಹೆಸರು, ವಿಳಾಸ ಹಾಕಲ್ಲ, ಯಾಕಂದ್ರೆ ಅದು ಅವರ ಮನೆ, ಹೋಟೆಲ್ ಅಲ್ಲ.

ಮೊದ್ಲು ಗೊತ್ತಿರಬೇಕಾದ್ದು, ಜಪಾನಲ್ಲಿ ಕ್ರಿಸ್ಮಸ್‌ಗೆ ರಜೆನೇ ಇಲ್ಲ. ಒಡೋರಿ ಪಾರ್ಕಲ್ಲಿ ನವೆಂಬರಿಂದಾನೇ ಲೈಟು, ಅದನ್ನ 1981ರಿಂದ ಹಾಕ್ತಿದ್ದಾರೆ, ಅಂಗಡಿ ತುಂಬ ಸ್ಟ್ರಾಬೆರಿ ಕೇಕು, ಕೆಎಫ್‌ಸಿ ಮುಂದೆ ಕ್ಯೂ, ಆದ್ರೆ 25ನೇ ತಾರೀಖು ಬೆಳಿಗ್ಗೆ ಎಲ್ಲರ ಹಾಗೆ ನಾನೂ ಲ್ಯಾಬಿಗೆ ಹೋಗಿದ್ದೀನಿ. 24ರ ರಾತ್ರಿ ಅನ್ನೋದು ಇಲ್ಲಿ ಪ್ರೇಮಿಗಳ ರಾತ್ರಿ, ಜೋಡಿಗಳು ಹೊರಗೆ ಊಟಕ್ಕೆ ಹೋಗ್ತಾರೆ. ಒಂಟಿಯಾಗಿ ರೂಮಲ್ಲಿ ಕೂತು ಕಿಟಕಿ ಆಚೆ ಹಿಮ ಬೀಳೋದು ನೋಡ್ತಾ ಇರೋರಿಗೆ ಆ ಲೈಟು ಇನ್ನಷ್ಟು ಸಂಕಟ ಮಾಡುತ್ತೆ, ಇದು ಅನುಭವಿಸಿದವರಿಗೇ ಗೊತ್ತು. ಅದೇ ಸಂಜೆಗೆ ಈ ಫ್ಯಾಮಿಲಿ ಸುಮಾರು ಇಪ್ಪತ್ತೈದು ಜನರನ್ನ ಮನೆಗೆ ಕರೆಯೋದು, ದುಡ್ಡು ತಗೊಳಲ್ಲ, ಏನೂ ತರಬೇಡಿ ಅಂತಾನೂ ಹೇಳ್ತಾರೆ.

ಆಹ್ವಾನದ ಚೀಟಿಯಲ್ಲೇ ಸ್ಪಷ್ಟವಾಗಿ ಬರೆದಿರ್ತಾರೆ, ಊಟಕ್ಕೆ ಮುಂಚೆ ಯೇಸು ಹುಟ್ಟಿದ ಕಥೆ ಓದ್ತೀವಿ, ಹಾಡು ಹಾಡ್ತೀವಿ, ನಾವು ಯಾಕೆ ನಂಬ್ತೀವಿ ಅಂತ ಸ್ವಲ್ಪ ಹೊತ್ತು ಮಾತಾಡ್ತೀವಿ, ಬರೀ ಊಟಕ್ಕೆ ಬರೋದಾದ್ರೆ ಏಳು ಗಂಟೆಗೆ ಬನ್ನಿ ಅಂತ. ನನಗೆ ಇಷ್ಟ ಆಗಿದ್ದು ಇದೇ. ಕರೆಯೋವಾಗ ಕಲ್ಚರಲ್ ಪ್ರೋಗ್ರಾಂ ಅಂತ ಹೇಳಿ ಒಳಗೆ ಹೋದ್ಮೇಲೆ ಬೇರೆ ಮಾತು ತೆಗೆಯೋದು ನಂಗೆ ಎಲ್ಲಿ ಕಂಡ್ರೂ ಆಗಲ್ಲ, ಇವರು ಹಾಗೆ ಮಾಡಲ್ಲ.

ಹೋಗೋ ದಾರಿ ಸುಲಭ. ನಾಂಬೊಕು ಲೈನಲ್ಲಿ ದಕ್ಷಿಣದ ಕಡೆ ಹೋಗ್ಬೇಕು, ಟೈರ್ ಮೇಲೆ ಓಡೋ ಮೆಟ್ರೋ ಅದು, ಸುರಂಗದಿಂದ ಮೇಲೆ ಬಂದ್ಮೇಲೆ ಹಳಿ ಮೇಲೆ ಹಿಮ ಬೀಳದೇ ಇರ್ಲಿ ಅಂತ ಪೂರ್ತಿ ಚಪ್ಪರದ ಥರ ಮುಚ್ಚಿಬಿಟ್ಟಿದ್ದಾರೆ. ಸ್ಟೇಷನ್ನಿಂದ ಹತ್ತು ನಿಮಿಷ ನಡೆಯೋದಿರುತ್ತೆ, ಆ ಹತ್ತು ನಿಮಿಷಕ್ಕೆ ಒಳ್ಳೆ ಶೂ ಬೇಕೇ ಬೇಕು, ಗಟ್ಟಿಯಾದ ಹಿಮದ ಮೇಲೆ ಕಾಲು ಜಾರಿದ್ರೆ ಸೊಂಟ ಹೋಯ್ತು ಅಂತಾನೇ ಲೆಕ್ಕ.

ಬಾಗಿಲು ತೆಗೆದ ತಕ್ಷಣ ಸೀಮೆಎಣ್ಣೆ ಹೀಟರಿನ ಬಿಸಿ ಮುಖಕ್ಕೆ ಹೊಡೆಯುತ್ತೆ, ಕೆಳಗೆ ಸಾಲಾಗಿ ಬಂದವರು ಮನೆಯೊಳಗೆ ಹಾಕ್ಕೊಳೋಕೆ ಮೂವತ್ತು ಜೊತೆ ಚಪ್ಪಲಿ ಜೋಡಿಸಿಟ್ಟಿರ್ತಾರೆ, ಅದರಲ್ಲಿ ಅರ್ಧ ಬೇರೆಯವರ ಮನೆಯಿಂದ ತಂದಿದ್ದು ಅಂತ ಆಮೇಲೆ ಗೊತ್ತಾಯ್ತು. ಗಂಡ ಹೆಂಡತಿ, ಮೂರು ಮಕ್ಕಳು. ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು, ಅಪ್ಪ ಜಪಾನೀಸಲ್ಲಿ ಏನಾದ್ರೂ ತಪ್ಪು ಹೇಳಿದ್ರೆ ಚಿಕ್ಕವಳು ಎಲ್ಲರ ಮುಂದೆನೇ ತಿದ್ತಾಳೆ, ಅವರೂ ಥ್ಯಾಂಕ್ಸ್ ಅಂತ ಹೇಳಿ ಮತ್ತೆ ಸರಿಯಾಗಿ ಹೇಳ್ತಾರೆ.

ಊಟದ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಸಸ್ಯಾಹಾರಿಗಳಿಗೆ ಜಪಾನ್ ಎಷ್ಟು ಕಷ್ಟ ಅಂತ ಇಲ್ಲಿರೋರಿಗೆ ಗೊತ್ತು. ತರಕಾರಿ ಸೂಪ್ ಅಂದ್ರೂ ಒಳಗೆ ದಾಶಿ ಇರುತ್ತೆ, ದಾಶಿ ಅಂದ್ರೆ ಒಣಮೀನಿನ ಸಾರು, ಪುಡ್ಡಿಂಗಲ್ಲಿ ಜೆಲಾಟಿನ್, ಅದೂ ಪ್ರಾಣಿಗಳಿಂದ ಮಾಡಿದ್ದೇ. ಆ ತಾಯಿ ಪ್ರತಿ ಪಾತ್ರೆ ಮುಂದೆನೂ ಒಂದು ಚೀಟಿ ಮಡಚಿ ನಿಲ್ಲಿಸಿದ್ರು, ಮೀನಿಲ್ಲ ಮಾಂಸ ಇಲ್ಲ ಮೊಟ್ಟೆ ಇದೆ ಅಂತ ಪುಟ್ಟ ಪುಟ್ಟ ಅಕ್ಷರದಲ್ಲಿ ಎರಡು ಭಾಷೆಲಿ. ನಮಗೋಸ್ಕರ ಸೂಪನ್ನ ಬೇರೆಯಾಗಿ ಕೊಂಬುಲಿ ಮಾಡಿದ್ರು, ಅದು ಸಮುದ್ರದ ಕಳೆ, ಸಪ್ಪೊರೊ ಇರೋ ಈ ಹೊಕ್ಕೈಡೊ ದ್ವೀಪದ್ದೇ ಹೆಸರುವಾಸಿ. ಸೌಟು ಕೂಡ ಬೇರೆ ಇಟ್ಟಿದ್ರು, ಯಾರೋ ಮರೆತು ಚಿಕನ್ ಪಾತ್ರೆಗೆ ಹಾಕಿದ ಸೌಟನ್ನ ಅದಕ್ಕೆ ಅದ್ದೋಕೆ ಹೋದಾಗ ಓಡಿ ಬಂದು ಕೈ ಹಿಡಿದ್ರು. ನನ್ನ ಸ್ವಂತ ನೆಂಟರ ಮದುವೆಲಿ ಇಷ್ಟು ಕಾಳಜಿ ಕಂಡಿಲ್ಲ, ಸತ್ಯವಾಗ್ಲೂ. ಟರ್ಕಿ ಇರಲ್ಲ, ಇಲ್ಲಿನ ಮನೆಗಳಲ್ಲಿ ಓವನ್ ಅಂದ್ರೆ ಮೈಕ್ರೋವೇವ್ ಜೊತೆ ಸೇರಿರೋ ಸಣ್ಣ ಡಬ್ಬ, ಅಷ್ಟು ದೊಡ್ಡ ಹಕ್ಕಿ ಅದರೊಳಗೆ ಹಿಡಿಸಲ್ಲ.

ಈಗ ಧರ್ಮದ ಭಾಗ. ದೊಡ್ಡ ಮಗ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಜಪಾನೀಸಲ್ಲಿ ಓದಿದ, ಮಗಳು ಇಂಗ್ಲಿಷಲ್ಲಿ. ಛತ್ರದಲ್ಲಿ ಜಾಗ ಸಿಗದೆ ಕೂಸನ್ನ ಗೋದಲಿಯಲ್ಲಿ ಮಲಗಿಸಿದ ಭಾಗ ಬಂದಾಗ ಅಪ್ಪ ನಿಲ್ಲಿಸಿ, ನಾವು ಈ ದಿನ ಬಾಗಿಲು ತೆರೆದಿಡೋದು ಇದೇ ಕಾರಣಕ್ಕೆ ಅಂದ್ರು, ಅಷ್ಟೇ, ಅದನ್ನ ಎಳೀಲಿಲ್ಲ. ಆದ್ರೆ ಮೊದಲನೇ ವರ್ಷ ಆಮೇಲಿನ ಮಾತು ಎರಡೂ ಭಾಷೆಲಿ ಸೇರಿ ನಲವತ್ತು ನಿಮಿಷ ಆಯ್ತು, ಜಾಸ್ತಿ ಆಯ್ತು, ಮಕ್ಕಳು ತೂಕಡಿಸ್ತಿದ್ರು.

ನಂಗೆ ಬೇಜಾರಾಗಿದ್ದು ಕೊನೆಗೆ. ಒಂದು ಕಾರ್ಡ್ ಹಂಚಿದ್ರು, ಹೆಸರು, ಫೋನ್ ನಂಬರ್, ಬೈಬಲ್ ಕಲಿಯೋಕೆ ಆಸಕ್ತಿ ಇದ್ರೆ ಟಿಕ್ ಹಾಕಿ ಅಂತ. ಮನೆಯವರಲ್ಲ, ಸಹಾಯಕ್ಕೆ ಬಂದಿದ್ದ ಒಬ್ಬರು ನಮ್ಮ ಜೊತೆ ಬಂದಿದ್ದ ಫಸ್ಟ್ ಇಯರ್ ಹುಡುಗಿ ಪಕ್ಕದಲ್ಲೇ ಅವಳು ಬರೆದು ಮುಗಿಸೋ ತನಕ ನಿಂತಿದ್ರು. ಪಾಪ ಅವಳಿಗೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ, ಊಟ ಮಾಡಿದ ಮನೆ ನೋಡಿ, ಟಿಕ್ ಹಾಕಿ ಕೊಟ್ಲು. ಮೆಟ್ರೋದಲ್ಲಿ ವಾಪಸ್ ಬರೋವಾಗ ಪೂರ್ತಿ ಮಾತೇ ಆಡ್ಲಿಲ್ಲ. ಅನ್ನ ಹಾಕಿದ ಕೈಗೆ ಇಲ್ಲ ಅನ್ನೋದು ನಮ್ಮವರಿಗೆ ಎಷ್ಟು ಕಷ್ಟ ಅಂತ ಆ ಮನುಷ್ಯರಿಗೆ ಗೊತ್ತಿರ್ಲಿಲ್ಲ ಅನ್ಸುತ್ತೆ. ನಾನು ಮಾರನೇ ವಾರ ಆ ತಾಯಿಗೆ ಫೋನ್ ಮಾಡಿ ನೇರವಾಗಿ ಹೇಳಿದೆ. ಅವರು ಸಮಜಾಯಿಷಿ ಏನೂ ಕೊಡ್ಲಿಲ್ಲ, ಅವಳ ಕಾರ್ಡ್ ಹರಿದು ಹಾಕ್ತೀನಿ, ಯಾರೂ ಫೋನ್ ಮಾಡಲ್ಲ ಅಂದ್ರು. ಹಾಗೇ ನಡ್ಕೊಂಡ್ರು ಕೂಡ.

ಎರಡನೇ ವರ್ಷ ಕಾರ್ಡ್ ಯಾರ ಕೈಗೂ ಕೊಡ್ಲಿಲ್ಲ, ಬಾಗಿಲ ಹತ್ರ ಮೇಜಿನ ಮೇಲೆ ಸುಮ್ನೆ ಇಟ್ಟಿದ್ರು. ಮಾತು ಹತ್ತೇ ನಿಮಿಷ. ಅದರಲ್ಲೂ ಅಪ್ಪ ಇದೇ ಊರಿನ ಕಥೆ ಹೇಳಿದ್ರು, ನಮ್ಮ ಯೂನಿವರ್ಸಿಟಿದೇ. 1876ರಲ್ಲಿ ಕ್ಲಾರ್ಕ್ ಅನ್ನೋ ಅಮೆರಿಕನ್ ಪ್ರೊಫೆಸರ್ ಇಲ್ಲಿನ ಕೃಷಿ ಕಾಲೇಜಿಗೆ, ಅದೇ ಮುಂದೆ ನಮ್ಮ ಯೂನಿವರ್ಸಿಟಿ ಆಗಿದ್ದು, ಬಂದು ಎಂಟು ತಿಂಗಳಷ್ಟೇ ಇದ್ರು, ಹೋಗೋ ಮುಂಚೆ ಮೊದಲನೇ ಬ್ಯಾಚ್ ಹುಡುಗರೆಲ್ಲ ಯೇಸುವನ್ನ ನಂಬ್ತೀವಿ ಅಂತ ಒಂದು ಪತ್ರಕ್ಕೆ ಸಹಿ ಹಾಕಿದ್ರು. ಮುಂದಿನ ಬ್ಯಾಚಲ್ಲಿ ಬಂದ ಉಚಿಮುರಾ ಕಾನ್ಜೋ ಅನ್ನೋ ಹುಡುಗನಿಗೆ ಸೀನಿಯರ್‌ಗಳು ಬಲವಂತ ಮಾಡಿ ಸಹಿ ಹಾಕಿಸಿದ್ರು, ಅದನ್ನ ಅವನೇ ಆಮೇಲೆ ಬರ್ಕೊಂಡಿದ್ದಾನೆ. ಮುಂದೆ ಅವನು, ಅವನ ಗೆಳೆಯರು ಸೇರಿ ಮಿಷನ್ ಕೊಟ್ಟಿದ್ದ ದುಡ್ಡನ್ನ ತೀರಿಸಿ ತಮ್ಮದೇ ಸ್ವತಂತ್ರ ಚರ್ಚ್ ಮಾಡ್ಕೊಂಡ್ರು. ಇದನ್ನ ಹೇಳಿ ಅವರು, ಹೋದ ವರ್ಷ ನಮ್ಮ ಮನೇಲೂ ಒಬ್ಬರಿಗೆ ಹಾಗೆ ಆಯ್ತು, ಅದಕ್ಕೆ ಕ್ಷಮೆ ಇರ್ಲಿ ಅಂದ್ರು, ಹೆಸರು ಹೇಳ್ಲಿಲ್ಲ. ಆ ಹುಡುಗಿ ನನ್ನ ಪಕ್ಕದಲ್ಲೇ ಕೂತಿದ್ಲು, ನನ್ನ ಕೈ ಒತ್ತಿದ್ಲು.

ಊಟ ಆದ್ಮೇಲೆ ಕೂತು ಮಾತಾಡೋವಾಗ ನಾನು ನಮ್ಮ ಕಿಟೆಲ್ ವಿಷಯ ತೆಗೆದೆ, ಜರ್ಮನಿಯಿಂದ ಮಿಷನರಿಯಾಗಿ ಬಂದು 1894ರಲ್ಲಿ ನಮಗೆ ಅಷ್ಟು ದೊಡ್ಡ ಕನ್ನಡ ನಿಘಂಟು ಕೊಟ್ಟ ಮನುಷ್ಯ ಅಂತ. ಮನೆಯವರು ಎದ್ದು ಹೋಗಿ ಒಂದು ಹಳೇ ಡಿಕ್ಷನರಿ ತಂದು ತೋರಿಸಿದ್ರು, ಇಲ್ಲೂ ಹೆಪ್‌ಬರ್ನ್ ಅಂತ ಒಬ್ಬ ಮಿಷನರಿ ಡಾಕ್ಟರ್ 1867ರಲ್ಲೇ ಜಪಾನೀಸ್ ಇಂಗ್ಲಿಷ್ ಡಿಕ್ಷನರಿ ಮಾಡಿದ್ರಂತೆ. ಅರ್ಧ ಗಂಟೆ ಬರೀ ಪದಗಳ ಬಗ್ಗೆನೇ ಮಾತು.

ಪಕ್ಕದ ಮನೆ ಅಜ್ಜಿ ಒಬ್ಬರು ಹನ್ನೊಂದು ವರ್ಷದಿಂದ ಪ್ರತಿ ಸಲ ಬರ್ತಾರೆ, ಎಲ್ಲರಿಗಿಂತ ಜೋರಾಗಿ ಹಾಡ್ತಾರೆ. ನೀವು ಕ್ರಿಶ್ಚಿಯನ್ನಾ ಅಂದೆ. ಇಲ್ಲಪ್ಪ, ಮನೇಲಿ ನಮ್ಮೆಜಮಾನರ ಫೋಟೋ ಇಟ್ಟಿರೋ ಬುದ್ಧನ ಮಂಟಪಕ್ಕೆ ಅನ್ನ ಇಟ್ಟೇ ಬಂದಿದ್ದು ಅಂದ್ರು. ಹೋಗೋರು ಯಾರಾದ್ರೂ ಭಯ ಪಡ್ತಿದ್ರೆ ಆ ಅಜ್ಜಿ ಪಕ್ಕ ಕೂತ್ಕೊಳಿ.

ಇನ್ನೊಂದು ಮರೆತಿದ್ದೆ, ಹೊಸ ವರ್ಷಕ್ಕೆ ಇಲ್ಲಿ ಜನವರಿ 3ರ ತನಕ ಆಫೀಸು ಎಲ್ಲಾ ಬಂದ್, ಕ್ಯಾಂಟೀನೂ ಬಂದ್. ಮೊದಲನೇ ವರ್ಷ ಜನವರಿ 1ಕ್ಕೆ ನಂಗೆ ಜ್ವರ. ಆ ತಾಯಿ ಒಂದು ಡಬ್ಬಿ ಕೊಂಬು ಸೂಪ್ ತಂದು ಬಾಗಿಲಲ್ಲಿ ಕೊಟ್ಟು, ಒಳಗೂ ಬರದೆ ಹೋದ್ರು. ಡಬ್ಬಿ ಮುಚ್ಚಳದ ಮೇಲೆ ಅದೇ ಚೀಟಿ, ಮೀನಿಲ್ಲ ಮಾಂಸ ಇಲ್ಲ.

5ಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಡಿಮೆ ಆ ಮೊದಲನೇ ವರ್ಷದ ಕಾರ್ಡಿಗೆ. ಹೋಗೋರು ಏನು ತಿನ್ನಲ್ಲ ಅಂತ ಹೆಸರು ಕೊಡೋವಾಗ್ಲೇ ಹೇಳಿ, ತೂತಿಲ್ಲದ ಕಾಲುಚೀಲ ಹಾಕ್ಕೊಳಿ, ನಂಬಿಕೆ ಬಗ್ಗೆ ಪ್ರಶ್ನೆ ಇದ್ರೆ ಧೈರ್ಯವಾಗಿ ಕೇಳಿ, ಒಪ್ಪಲ್ಲ ಅಂದ್ರೂ ಅವರು ಮುಖ ಗಂಟು ಹಾಕ್ಕೊಳಲ್ಲ. ಈ ವರ್ಷ ನಾನು ಚಿತ್ರಾನ್ನ ಮಾಡ್ತೀನಿ ಅಂತ ಹೇಳಿದ್ದೀನಿ, ಏನೂ ತರಬೇಡಿ ಅನ್ನೋ ರೂಲ್ ನನಗೊಬ್ಬಳಿಗೆ ಸಡಿಲ ಮಾಡಿ, ಒಗ್ಗರಣೆ ಹಾಕೋಕೆ ಒಂದು ಒಲೆ ಬಿಟ್ಟುಕೊಡ್ತಾರಂತೆ.