ಫರ್ನೇಸ್ ಒಡೆದಿದೆ ಅಂದರೆ ಮೊದಲು ಬಿರುಕು ತೋರಿಸಿ ಅನ್ನಿ

ಶಿಕಾಗೋ ಕಡೆ ಹೊಸದಾಗಿ ಮನೆ ತಗೊಂಡವರು, ಅದರಲ್ಲೂ ಮನೆಯಲ್ಲಿ ಎಳೆ ಮಗುವೋ ವಯಸ್ಸಾದವರೋ ಇರುವವರು ದಯವಿಟ್ಟು ಇದನ್ನು ಓದಿ. ಗ್ಯಾಸಿನಲ್ಲಿ ಮನೆ ಬಿಸಿ ಮಾಡುವ ಯಂತ್ರ, ಅಂದರೆ ಫರ್ನೇಸ್, ಹೊಸದು ಬೇಕು ಅಂತ ನಾನು ಒಂದೇ ರಾತ್ರಿಯಲ್ಲಿ 11,400 ಡಾಲರ್ ಕಾಗದಕ್ಕೆ ಸಹಿ ಹಾಕಿದೆ. ಕೆಟ್ಟಿದ್ದು ಏನು ಗೊತ್ತಾ? ಏನೂ ಇಲ್ಲ. ಗೋಡೆಯಾಚೆ ಒಂದು ಪೈಪಿನ ಬಾಯಿಗೆ ಹಿಮ ಮೆತ್ತಿಕೊಂಡಿತ್ತು, ಅಷ್ಟೇ.

2024ರ ಜನವರಿ 14, ಭಾನುವಾರ. ಮರುದಿನ ಸಂಕ್ರಾಂತಿ, ಇಲ್ಲಿನ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆಯೂ ಅವತ್ತೇ. ನೆನಪಿರಬಹುದು, ಅದೇ ವಾರ ಶಿಕಾಗೋದಲ್ಲಿ ಟೆಸ್ಲಾ ಕಾರುಗಳು ಚಾರ್ಜ್ ಆಗದೆ ಸಾಲಾಗಿ ನಿಂತಿದ್ದು ಟಿವಿಯಲ್ಲೆಲ್ಲ ಬಂದಿತ್ತು. ಹೊರಗೆ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ, ನಮ್ಮೂರ ಲೆಕ್ಕದಲ್ಲಿ ಮೈನಸ್ 18 ಡಿಗ್ರಿಗಿಂತ ಕೆಳಗೆ. ಮಗುವಿಗೆ ಐದು ವಾರ. ಬಾಣಂತನಕ್ಕೆ ಅಂತ ಅತ್ತೆ ಸಾಗರದಿಂದ ಬಂದಿದ್ದರು.

ರಾತ್ರಿ ಹತ್ತೂವರೆಗೆ ಹೆಂಡತಿ, "ರೀ, ಮಗು ಕೈ ತಣ್ಣಗಿದೆ ನೋಡ್ರಿ" ಅಂದಳು. ಥರ್ಮೋಸ್ಟಾಟ್ 72 ಫ್ಯಾರನ್‌ಹೀಟ್‌ಗೆ (ಸುಮಾರು 22 ಸೆಲ್ಸಿಯಸ್) ಇಟ್ಟಿದ್ದೆ, ತೋರಿಸುತ್ತಿದ್ದದ್ದು 64 (ಸುಮಾರು 18). ಬೇಸ್‌ಮೆಂಟಿಗೆ ಓಡಿದೆ. ಫರ್ನೇಸಿನ ಕೆಳಗಿನ ಬಾಗಿಲಲ್ಲಿ ನಾಣ್ಯದಷ್ಟು ಅಗಲದ ಒಂದು ಗಾಜಿನ ಕಿಂಡಿ ಇದೆ. ಅದರೊಳಗೆ ಕೆಂಪು ದೀಪ ಮೂರು ಸಲ ಮಿಣುಕಿ ನಿಲ್ಲುತ್ತಿತ್ತು, ಮತ್ತೆ ಮೂರು ಸಲ. ಒಳಗಡೆ ಒಂದು ಸಣ್ಣ ಮೋಟಾರು ಗುಂಯ್ ಅಂತ ಶುರುವಾಗಿ ಸುಮ್ಮನಾಗುತ್ತಿತ್ತು. ಬೆಂಕಿ ಮಾತ್ರ ಹತ್ತುತ್ತಿರಲಿಲ್ಲ. ಆ ಮೂರು ಮಿಣುಕಿಗೆ ಏನರ್ಥ ಅಂತ ಅದೇ ಬಾಗಿಲಿನ ಒಳಬದಿಯಲ್ಲಿ ಅಚ್ಚು ಹಾಕಿ ಅಂಟಿಸಿದ್ದಾರೆ. ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಮೂರು ವರ್ಷ ಇದ್ದೆ, ಒಂದು ದಿನವೂ ಆ ಬಾಗಿಲು ತೆಗೆದು ನೋಡಿರಲಿಲ್ಲ.

ಫೋನಲ್ಲಿ ಹುಡುಕಿದೆ, ಮೊದಲು ಬಂದ ಜಾಹೀರಾತಿಗೇ ಫೋನ್ ಮಾಡಿದೆ. ಮೊದಲ ತಪ್ಪು ಅದು. ರಜೆ ರಾತ್ರಿ ಅಂತ ಬರೋದಕ್ಕೇ 289 ಡಾಲರ್. ಎರಡು ಗಂಟೆ ಕಾಯಿರಿ ಅಂದರು, ಮೂರಾಯಿತು.

ಆ ಮೂರು ಗಂಟೆಯಲ್ಲಿ ಇನ್ನೊಂದು ದೊಡ್ಡ ಅನಾಹುತ ಸ್ವಲ್ಪದರಲ್ಲಿ ತಪ್ಪಿತು, ಅದನ್ನೂ ಹೇಳಲೇಬೇಕು. ಅತ್ತೆ ಬಂದು, "ಗ್ಯಾರೇಜಲ್ಲಿ ಗ್ರಿಲ್ಲಿಗೆ ಅಂತ ಇದ್ದಿಲು ಇಟ್ಟಿದೀರಲ್ಲ, ಒಂದು ಬಾಣಲೇಲಿ ಕೆಂಡ ಮಾಡಿಕೊಡಿ, ಬಾಣಂತಿ ಕೋಣೇಲಿ ಇಡ್ತೀನಿ" ಅಂದರು. ಅವರ ಮಟ್ಟಿಗೆ ಅದು ಸಹಜವೇ. ಊರಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡೋದು ನಾವೆಲ್ಲ ನೋಡಿದ್ದೇ. ಆದರೆ ಹೆಂಚಿನ ಮನೆಯಲ್ಲಿ ಸಂದಿಸಂದಿಯಲ್ಲೂ ಗಾಳಿ ಆಡುತ್ತೆ. ಇಲ್ಲಿನ ಮನೆ ಮುಚ್ಚಳ ಹಾಕಿದ ಡಬ್ಬಿ ಇದ್ದ ಹಾಗೆ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳೋದೇ ಇಲ್ಲ. ಬೇಡವೇ ಬೇಡ ಅಂದೆ, ಅವರಿಗೆ ಸ್ವಲ್ಪ ಬೇಜಾರೂ ಆಯಿತು. ಗ್ಯಾಸ್ ಓವನ್ ಬಾಗಿಲು ತೆರೆದಿಟ್ಟು ಮನೆ ಬಿಸಿ ಮಾಡುವವರೂ ಇದ್ದಾರೆ, ಅದೂ ಇದೇ ಕಥೆ. ಕರೆಂಟ್ ಹೀಟರ್ ಎರಡಿದ್ದವು, ಎರಡನ್ನೂ ಒಂದೇ ಕೋಣೆಯಲ್ಲಿ ಹಾಕಿದೆ, ಬ್ರೇಕರ್ ಹಾರಿತು. ಒಂದೊಂದೂ 1500 ವಾಟ್, 15 ಆಂಪಿಯರ್ ಲೈನಿಗೆ ಎರಡು ತಡೆಯಲ್ಲ. ಬೇರೆ ಬೇರೆ ಲೈನಿಗೆ ಹಾಕಿ, ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಎಕ್ಸ್‌ಟೆನ್ಷನ್ ವೈರ್ ಬೇಡ, ಬಿಸಿಯಾಗಿ ಬೆಂಕಿ ಹತ್ತುತ್ತೆ.

ರಾತ್ರಿ ಒಂದೂವರೆಗೆ ಆಸಾಮಿ ಬಂದ. ತುಂಬಾ ಒಳ್ಳೆ ಮಾತುಗಾರ. ಶೂ ಮೇಲೆ ನೀಲಿ ಕವರ್ ಹಾಕಿಕೊಂಡು ಕೆಳಗೆ ಹೋದ, ಹದಿನೈದು ನಿಮಿಷಕ್ಕೇ ಮೇಲೆ ಬಂದ, ಮುಖ ಸಪ್ಪೆ ಮಾಡಿಕೊಂಡು ಫೋನಲ್ಲಿ ಒಂದು ಫೋಟೋ ತೋರಿಸಿದ. ಹೀಟ್ ಎಕ್ಸ್‌ಚೇಂಜರ್ (ಬೆಂಕಿಯ ಹೊಗೆ ಮನೆಯ ಗಾಳಿಗೆ ಸೇರದ ಹಾಗೆ ತಡೆಯುವ ಲೋಹದ ಗೂಡು) ಬಿರುಕು ಬಿಟ್ಟಿದೆ, ವಿಷದ ಗಾಳಿ ಮನೆಯೊಳಗೆ ಬರುತ್ತೆ, ಕಾನೂನು ಪ್ರಕಾರ ನಾನು ಇದನ್ನು ಬಂದ್ ಮಾಡಲೇಬೇಕು ಅಂತ ಹೇಳಿ ಗ್ಯಾಸ್ ಕವಾಟ ತಿರುಗಿಸಿ ಕೆಂಪು ಚೀಟಿ ಕಟ್ಟಿಬಿಟ್ಟ. ಆಮೇಲೆ ಹೆಂಡತಿ ಎತ್ತಿಕೊಂಡಿದ್ದ ಮಗುವನ್ನು ನೋಡಿ, "ಎಷ್ಟು ದಿನದ ಕೂಸು?" ಅಂತ ಕೇಳಿದ. ಆ ಪ್ರಶ್ನೆಗೇ ನಾನು ಬಿದ್ದುಹೋದೆ ಅನ್ನಿ.

ಹೊಸ ಫರ್ನೇಸಿಗೆ 13,400. ಈಗಲೇ ಸಹಿ ಹಾಕಿದರೆ ಎರಡು ಸಾವಿರ ಕಡಿಮೆ, ಬುಧವಾರ ಜೋಡಿಸಿಕೊಡ್ತೀವಿ. ಮುಂಗಡ 3,000, ಕಾರ್ಡಿನಲ್ಲಿ ಕೊಟ್ಟೆ. ಕೊನೆಗೆ ಒಂದು ಖಾಲಿ ಹಾಳೆ ಕೊಟ್ಟು, ಇದು ತುರ್ತು ಕೆಲಸ, ಮೂರು ದಿನದೊಳಗೆ ರದ್ದು ಮಾಡುವ ಹಕ್ಕನ್ನು ನಾನು ಬಿಟ್ಟುಕೊಡ್ತೀನಿ ಅಂತ ನನ್ನ ಕೈಯಲ್ಲೇ ಬರೆಸಿಕೊಂಡ. ಸುಮ್ನೆ ಒಂದು ಫಾರ್ಮಾಲಿಟಿ, ಬುಧವಾರದೊಳಗೆ ಕೆಲಸ ಆಗಬೇಕಾದರೆ ಇದು ಬೇಕು ಅಂದ. ನಾನು ಪೆನ್ನು ತಗೊಂಡು ಶಾಲಾ ಹುಡುಗನ ಹಾಗೆ ಅವನು ಹೇಳಿದ್ದನ್ನೆಲ್ಲ ಬರೆದುಕೊಟ್ಟೆ.

ಆ ಎರಡು ಸಾಲಿನ ಬೆಲೆ ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ನಿಮ್ಮ ಮನೆಗೇ ಬಂದು ಮಾಡಿದ ವ್ಯಾಪಾರವನ್ನು ಮೂರು ಕೆಲಸದ ದಿನದೊಳಗೆ ರದ್ದು ಮಾಡಲು ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಇದೆ. ತುರ್ತು ಕೆಲಸಕ್ಕೆ ವಿನಾಯಿತಿ ಇದೆ, ಆದರೆ ಅದಕ್ಕೆ ಗಿರಾಕಿಯೇ ತನ್ನ ಕೈಬರಹದಲ್ಲಿ ಕಾರಣ ಬರೆದು, ಹಕ್ಕು ಬೇಡ ಅಂತ ಸಹಿ ಮಾಡಿಕೊಡಬೇಕು. ಅಚ್ಚಾದ ಫಾರಂ ನಡೆಯಲ್ಲ. ಅದಕ್ಕೇ ಆ ಖಾಲಿ ಹಾಳೆ.

ಮನೆ 58ಕ್ಕೆ (ಸುಮಾರು 14 ಸೆಲ್ಸಿಯಸ್) ಇಳಿದಿತ್ತು. ರಾತ್ರಿ ಮೂರು ಗಂಟೆಗೆ, ಹತ್ತು ನಿಮಿಷದ ದಾರಿಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿದರೆ, "ಮೊದ್ಲೇ ಮಾಡೋದಲ್ವಾ ಮಾರಾಯ, ಎಲ್ಲರೂ ಈಗ್ಲೇ ಬನ್ನಿ" ಅಂದ. ಹೊರಡುವ ಮುಂಚೆ ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟು, ಸಿಂಕಿನ ಕೆಳಗಿನ ಬಾಗಿಲುಗಳನ್ನು ತೆರೆದಿಟ್ಟೆವು. ಒಳಗಿನ ಪೈಪು ಹೆಪ್ಪುಗಟ್ಟಿ ಒಡೆದರೆ ಫರ್ನೇಸಿನ ಖರ್ಚು ಏನೂ ಅಲ್ಲ ಅನ್ನಿಸಿಬಿಡುತ್ತೆ.

ಕಾಫಿ ಕೊಡುತ್ತಾ ಗೆಳೆಯ ಕೇಳಿದ, "ಬಿರುಕನ್ನ ನೀನು ನೋಡಿದ್ಯಾ?" ಫೋಟೋ ನೋಡಿದೆ ಅಂದೆ. "ಯಾರ ಮನೇದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಿಗ್ಗೆ ಅವನಿಗೆ ಗೊತ್ತಿದ್ದ ಬೇರೆ ಮೆಕ್ಯಾನಿಕ್ ಬಂದ. ಫರ್ನೇಸ್ ಮುಟ್ಟುವ ಮೊದಲು ಮನೆಯ ಸುತ್ತ ಒಂದು ಸುತ್ತು ಹೊಡೆದ. ನಮ್ಮ ಫರ್ನೇಸಿನಿಂದ ಗೋಡೆಯಾಚೆಗೆ ಎರಡು ಬಿಳಿ ಪಿವಿಸಿ ಪೈಪು ಬರುತ್ತವೆ, ಒಂದರಲ್ಲಿ ಗಾಳಿ ಒಳಗೆ ಎಳೆಯುತ್ತೆ, ಇನ್ನೊಂದರಲ್ಲಿ ಹೊಗೆ ಆಚೆ ಹೋಗುತ್ತೆ. ಶುಕ್ರವಾರ ಬಿದ್ದ ಹಿಮವನ್ನು ಗಾಳಿ ತಂದು ಆ ಮೂಲೆಯಲ್ಲಿ ಗುಡ್ಡೆ ಹಾಕಿತ್ತು, ಗಾಳಿ ಎಳೆಯುವ ಪೈಪು ಪೂರ್ತಿ ಮುಚ್ಚಿತ್ತು. ಗಾಳಿ ಸಿಗದಿದ್ದರೆ ಪ್ರೆಶರ್ ಸ್ವಿಚ್ (ಗಾಳಿ ಸರಿಯಾಗಿ ಆಡ್ತಿದೆಯಾ ಅಂತ ನೋಡುವ ಸ್ವಿಚ್) ಆನ್ ಆಗಲ್ಲ, ಅದು ಆನ್ ಆಗದೆ ಬೆಂಕಿ ಹತ್ತಲ್ಲ. ಮೂರು ಮಿಣುಕಿನ ಅರ್ಥವೂ ಅದೇ. ಕೈಯಲ್ಲೇ ಹಿಮ ತೆಗೆದ. ಆಮೇಲೆ ಒಳಗೆ ಕ್ಯಾಮೆರಾ ಇಳಿಸಿ ಹೀಟ್ ಎಕ್ಸ್‌ಚೇಂಜರನ್ನು ನನಗೇ ತೋರಿಸಿದ, ಹೊತ್ತಿಸಿ ಹೊಗೆ ಪೈಪಿಗೆ ಮೀಟರ್ ಚುಚ್ಚಿ ಅಳೆದ. ಬಿರುಕೂ ಇಲ್ಲ, ಏನೂ ಇಲ್ಲ. 129 ಡಾಲರ್ ತಗೊಂಡು ಹೋದ. ಅವತ್ತು ಸಂಜೆ ಮನೆಯಲ್ಲೇ ಎಳ್ಳುಬೆಲ್ಲ ತಿಂದೆವು.

ಹಾಗಂತ ಬಿರುಕು ಅನ್ನೋದೇ ಸುಳ್ಳು ಅಂದುಕೊಳ್ಳಬೇಡಿ. ನಿಜವಾಗಿ ಬಿರುಕಿದ್ದರೆ ಜೀವಕ್ಕೇ ಅಪಾಯ, ಕೆಂಪು ಚೀಟಿ ಕಟ್ಟಿದ್ದನ್ನು ನೀವಾಗಿ ಬಿಚ್ಚಿ ಹಚ್ಚಬೇಡಿ. ಇನ್ನೊಬ್ಬರನ್ನು ಕರೆಸಿ, ಅಲ್ಲಿಯವರೆಗೆ ಬೇರೆ ಕಡೆ ಮಲಗಿ. ಇಲಿನಾಯ್‌ನಲ್ಲಿ 2007ರಿಂದ ಮಲಗುವ ಕೋಣೆಯ 15 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು ಅಂತ ಕಾನೂನಿದೆ, ನಿಮ್ಮದು ಕೆಲಸ ಮಾಡುತ್ತಾ ಅಂತ ಇವತ್ತೇ ಬಟನ್ ಒತ್ತಿ ನೋಡಿ.

ಮುಂಗಡದ ಕಥೆ ಇನ್ನೂ ಆರು ವಾರ ಎಳೆಯಿತು. ನೀವೇ ಬರೆದುಕೊಟ್ಟಿದ್ದೀರಲ್ಲ ಅಂತ ಕಂಪನಿಯವರು ಆ ಹಾಳೆಯನ್ನೇ ಹಿಡಿದುಕೊಂಡರು. ನಾನು ರದ್ದು ಮಾಡಿದ್ದೇನೆ ಅಂತ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದೆ, ಎರಡನೇ ಮೆಕ್ಯಾನಿಕ್ ಬರೆದುಕೊಟ್ಟ ವರದಿ ಲಗತ್ತಿಸಿ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟೆ, ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಬರೆದೆ. ಯಾವುದಕ್ಕೆ ಹೆದರಿದರೋ ಗೊತ್ತಿಲ್ಲ, 3,000 ವಾಪಸ್ ಬಂತು. ಚೆಕ್ಕಲ್ಲಿ ಕೊಟ್ಟಿದ್ದರೆ ಬರುತ್ತಿತ್ತಾ, ನನಗೆ ಅನುಮಾನ. 289 ಮಾತ್ರ ಹೋಯಿತು.

ಈಗ ಹಿಮ ಬಿದ್ದ ಬೆಳಿಗ್ಗೆ ಕಾರಿನ ದಾರಿಗಿಂತ ಮೊದಲು ಆ ಎರಡು ಪೈಪಿನ ಹತ್ತಿರ ಸಲಿಕೆ ಹಾಕ್ತೀನಿ. ಅತ್ತೆ ಊರಿಂದ ಫೋನ್ ಮಾಡಿದಾಗಲೆಲ್ಲ ಮಗಳಿಗಿಂತ ಮೊದಲು ಅದನ್ನೇ ಕೇಳ್ತಾರೆ, "ಪೈಪ್ ನೋಡಿದ್ರಾ?"